ಬಯಲ್ನಾಡಿನ ಬಿದಿರು ಮತ್ತು ಬುಟ್ಟಿ: ಕಲ್ಪೆಟ್ಟದ ಸುತ್ತಣ ಕುಶಲಕಲೆಗಳ ಆರ್ಥಿಕ ಇತಿಹಾಸ

ಒಂದು ನಾಡಿನ ಸಂಪತ್ತನ್ನು ಎಣಿಸುವಾಗ ನಾವು ಸಾಧಾರಣವಾಗಿ ಅಲ್ಲಿಯ ಬೆಳೆಯನ್ನು, ಕಾಡನ್ನು, ಗಣಿಯನ್ನು ಎಣಿಸುತ್ತೇವೆ. ಅಲ್ಲಿಯ ಜನರ ಕೈಗಳನ್ನು ಎಣಿಸುವುದಿಲ್ಲ. ವಯನಾಡಿನ ಮಾತು ಬಂದಾಗಲೂ ಹೀಗೆಯೇ. ಕಾಫಿ, ಕರಿಮೆಣಸು, ಏಲಕ್ಕಿ, ಚಹ, ಶುಂಠಿ ಮುಂತಾದವುಗಳ ಲೆಕ್ಕ ಸುಲಭವಾಗಿ ಸಿಗುತ್ತದೆ; ಮೊರ, ಬುಟ್ಟಿ, ಮಡಕೆ, ಕುಡುಗೋಲು, ತುಡಿಗಳನ್ನು ಮಾಡಿದವರ ಲೆಕ್ಕ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಆದರೆ ಮೊರವಿಲ್ಲದೆ ಭತ್ತವು ಅಕ್ಕಿಯಾಗದು. ಬುಟ್ಟಿಯಿಲ್ಲದೆ ಕಾಫಿಯ ಹಣ್ಣು ಕಣ ಸೇರದು. ಬೆಳೆಯ ಬೆನ್ನ ಹಿಂದೆ ಯಾವಾಗಲೂ ಕುಶಲಕರ್ಮಿಯೊಬ್ಬನಿರುತ್ತಾನೆ.

ಕಲೆ ಮತ್ತು ಕೈಕಸುಬುಗಳು ಒಂದು ಪ್ರದೇಶದ ಆರ್ಥಿಕ ಬಾಳಿಗೆ ಆಧಾರವಾಗುವುದು ಯಾವಾಗ, ಆಗದಿರುವುದು ಯಾವಾಗ ಎಂಬ ಪ್ರಶ್ನೆಯನ್ನು ಕಲ್ಪೆಟ್ಟ ಮತ್ತು ಅದರ ಸುತ್ತಣ ಸೀಮೆಯನ್ನು ಮುಂದಿಟ್ಟುಕೊಂಡು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕುಶಲಕಲೆ ಇದ್ದ ಮಾತ್ರಕ್ಕೆ ನಾಡು ಉಣ್ಣುವುದಿಲ್ಲ. ಕಸುಬಿಗೆ ಬೇಕಾದ ಕಚ್ಚಾವಸ್ತು ಕಸುಬಿನವನ ಕೈಗೆಟಕಬೇಕು. ಮಾಡಿದ ವಸ್ತುವಿಗೆ ಬೆಲೆ ಕಟ್ಟುವಲ್ಲಿ ಅವನ ಮಾತು ನಡೆಯಬೇಕು. ಕಸುಬು ಮುಂದಿನ ತಲೆಮಾರಿಗೆ ದಾಟಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಕಲೆ ಉಳಿದಂತೆ ತೋರಿ ಕಲಾವಿದ ಅಳಿಯುತ್ತಾನೆ. ವಯನಾಡಿನ ಇತಿಹಾಸವು ಇದನ್ನು ಮತ್ತೆ ಮತ್ತೆ ತೋರಿಸಿಕೊಟ್ಟಿದೆ.

ನಾಡಿನ ಹಿನ್ನೆಲೆ

ವಯನಾಡು ಕನ್ನಡಿಗರಿಗೆ ಅಪರಿಚಿತ ನಾಡಲ್ಲ. ಕನ್ನಡ ಶಾಸನಗಳಲ್ಲಿ ಇದರ ಹೆಸರು ಬಯಲ್ನಾಡು ಎಂದಿದೆ. ಸುಲ್ತಾನ್ ಬತ್ತೇರಿಗೆ ಇದ್ದ ಹಳೆಯ ಹೆಸರುಗಳಲ್ಲಿ ‘ಹನ್ನೆರಡು ಬೀದಿ’ ಎಂಬುದೂ ಒಂದು. ಅದು ಕನ್ನಡದ ಹೆಸರೆಂಬುದನ್ನು ವಿವರಿಸಬೇಕಾಗಿಲ್ಲ. ಅಲ್ಲಿಯ ಕಲ್ಲಿನ ಜೈನ ಬಸದಿ, ಪನಮರದ ಬಳಿಯ ಜನಾರ್ದನ ಗುಡಿ, ವಿಷ್ಣು ಗುಡಿಗಳ ಕೆತ್ತನೆಯ ಕಂಬಗಳು, ಕಲ್ಪೆಟ್ಟದ ಬಳಿ ಪುಳಿಯಾರ್‌ಮಲೆಯ ಅನಂತನಾಥ ಸ್ವಾಮಿಯ ಬಸದಿ ಇವೆಲ್ಲ ಮೈಸೂರು ಸೀಮೆಗೂ ಮಲೆಯಾಳ ಕರಾವಳಿಗೂ ನಡುವೆ ಇದ್ದ ಹಳೆಯ ಸಂಪರ್ಕದ ಕುರುಹುಗಳು. ಘಟ್ಟದ ದಾರಿಯಲ್ಲಿ ಮೆಣಸಿನ ಹೇರುಗಳು ಸಾಗುತ್ತಿದ್ದ ಕಾಲದಲ್ಲಿ ವರ್ತಕರ ಗಳಿಕೆಯ ಒಂದು ಪಾಲು ಶಿಲ್ಪಿಯ ಉಳಿಗೂ ಸಂದಿತೆಂದು ತಿಳಿಯುವುದು ಅನುಚಿತವಲ್ಲ. ವ್ಯಾಪಾರವು ಕಲೆಯನ್ನು ಸಾಕಿದ ಕಾಲ ಅದು.

ಇದಕ್ಕಿಂತಲೂ ಬಹು ಹಿಂದಿನದು ಎಡಕ್ಕಲ್. ಅಂಬುಕುತ್ತಿ ಮಲೆಯ ಆ ಗುಹೆಯ ಗೋಡೆಗಳ ಮೇಲೆ ನವಶಿಲಾಯುಗದವೆಂದು ವಿದ್ವಾಂಸರು ಎಣಿಸಿರುವ ಕೊರೆದ ಚಿತ್ರಗಳಿವೆ. ಮಲಬಾರಿನ ಪೊಲೀಸ್ ಅಧಿಕಾರಿಯಾಗಿದ್ದ ಫ್ರೆಡ್ ಫಾಸೆಟ್ 1890ರ ದಶಕದಲ್ಲಿ ಇದನ್ನು ಪರಿಶೀಲಿಸಿ 1901ರಲ್ಲಿ ವಿದ್ವತ್ ಲೋಕದ ಮುಂದಿಟ್ಟನು. ಆ ರೇಖೆಗಳನ್ನು ಕೊರೆದ ಕೈಗಳ ಹೆಸರು ತಿಳಿಯದು; ಇಂದು ಆ ಗುಹೆಯನ್ನು ನೋಡಬರುವ ಯಾತ್ರಿಕರಿಂದ ಬುಡದ ಅಂಗಡಿಗಳು ಬಾಳುತ್ತಿವೆ.

ಶ್ರೀರಂಗಪಟ್ಟಣ ಬಿದ್ದ ತರುವಾಯ ಕಂಪನಿಯ ವಶಕ್ಕೆ ಬಂದ ವಯನಾಡು ಮಲಬಾರ್ ಜಿಲ್ಲೆಯ ಒಂದು ತಾಲೂಕಾಯಿತು. 1877ರಲ್ಲಿ ಅದರ ಆಗ್ನೇಯ ಭಾಗ, ಎಂದರೆ ಗೂಡಲೂರಿನ ಕಡೆ, ನೀಲಗಿರಿಗೆ ಸೇರಿತು. 1956ರಲ್ಲಿ ಕೇರಳ ರಾಜ್ಯವಾದಾಗ ಉಳಿದ ಭಾಗ ಕೇರಳಕ್ಕೆ ಬಂತು. 1980ರ ನವೆಂಬರ್ 1ರಂದು ಪ್ರತ್ಯೇಕ ಜಿಲ್ಲೆಯಾಗಿ ಕಲ್ಪೆಟ್ಟವು ಅದರ ಕೇಂದ್ರವಾಯಿತು. ಹೀಗೆ ಒಂದೇ ಕಾಡು ಮೂರು ರಾಜ್ಯಗಳಲ್ಲಿ ಹಂಚಿಹೋಯಿತು. ಆ ಕಾಡನ್ನು ನಂಬಿದ ಕಸುಬಿನವರೂ ಹಂಚಿಹೋದರು.

ಕಸುಬಿನ ಜನ

2011ರ ಜನಗಣತಿಯಂತೆ ವಯನಾಡಿನ ಜನಸಂಖ್ಯೆ 8,17,420. ಅದರಲ್ಲಿ 1,51,443 ಮಂದಿ, ಎಂದರೆ ನೂರಕ್ಕೆ ಸುಮಾರು ಹದಿನೆಂಟೂವರೆ ಮಂದಿ, ಪರಿಶಿಷ್ಟ ಪಂಗಡದವರು. ಪಣಿಯರು, ಅಡಿಯರು, ಕುರಿಚ್ಯರು, ಮುಳ್ಳು ಕುರುಮರು, ಕಾಟುನಾಯಕರು, ಊರಾಳಿ ಕುರುಮರು ಇವರಲ್ಲಿ ಮುಖ್ಯರು.

ನಮ್ಮ ವಿಷಯಕ್ಕೆ ಊರಾಳಿ ಕುರುಮರು ವಿಶೇಷವಾಗಿ ಗಮನಾರ್ಹರು. ವೆಟ್ಟ ಕುರುಮರೆಂದೂ ಹೆಸರಿರುವ ಇವರು ನಮ್ಮ ಹೆಗ್ಗಡದೇವನಕೋಟೆಯ ಕಡೆಯ ಬೆಟ್ಟ ಕುರುಬರ ಬಳಗದವರು. ಇವರ ಮಾತು ಕನ್ನಡಕ್ಕೆ ಹತ್ತಿರವಾದದ್ದು. ವಯನಾಡಿನ ಬುಡಕಟ್ಟುಗಳಲ್ಲಿ ಕುಶಲಕರ್ಮಿಗಳೆಂಬ ಹೆಸರು ಇವರಿಗೇ ಸಂದಿದೆ. ಬಿದಿರಿನ ಬುಟ್ಟಿ ಮೊರಗಳನ್ನು ಹೆಣೆಯುವುದು, ಕಬ್ಬಿಣ ಕಾಸಿ ಕತ್ತಿ ಕುಡುಗೋಲುಗಳನ್ನು ಬಡಿಯುವುದು, ಮರಗೆಲಸ, ಕುಂಬಾರಿಕೆ ಇವೆಲ್ಲ ಒಂದೇ ಜನದ ಕೈಯಲ್ಲಿದ್ದುವು. ಇವರ ಕುಂಬಾರಿಕೆಯಲ್ಲಿ ತಿಗರಿಯಿಲ್ಲ. ಮಣ್ಣಿನ ಮುದ್ದೆಯನ್ನು ಕೈಯಿಂದಲೇ ತಿದ್ದಿ ಮಡಕೆ ಮಾಡುವ ಪದ್ಧತಿ. ಬಯಲುಸೀಮೆಯಲ್ಲಿ ಮೇದರು, ಕಮ್ಮಾರರು, ಬಡಗಿಗಳು, ಕುಂಬಾರರು ಎಂದು ನಾಲ್ಕು ಜಾತಿಗಳು ಹಂಚಿಕೊಂಡ ಕೆಲಸವನ್ನು ಇಲ್ಲಿ ಒಂದು ಚಿಕ್ಕ ಸಮುದಾಯ ನಿರ್ವಹಿಸುತ್ತಿತ್ತು.

ಬಿದಿರಿನ ಕೆಲಸವು ಹೊರಗಿನವರಿಗೆ ತೋರುವಷ್ಟು ಸರಳವಲ್ಲ. ಮೆಳೆಯಲ್ಲಿ ಯಾವ ಗಳವನ್ನು ಕಡಿಯಬೇಕು, ಯಾವುದನ್ನು ಬಿಡಬೇಕು ಎಂಬುದೇ ಮೊದಲ ವಿದ್ಯೆ. ಎಳೆಯ ಗಳ ಒಣಗಿದಾಗ ಸುಕ್ಕುಗಟ್ಟುತ್ತದೆ. ಬಲಿತು ಮೀರಿದ್ದು ಸೀಳುವಾಗ ಮುರಿಯುತ್ತದೆ. ಮೂರು ನಾಲ್ಕು ವರ್ಷದ ಗಳವೇ ತಕ್ಕದ್ದು. ರಸ ತುಂಬಿರುವ ಕಾಲದಲ್ಲಿ ಕಡಿದರೆ ಬೇಗನೆ ಕುಟ್ಟೆ ಹಿಡಿಯುತ್ತದೆ. ಕಡಿದದ್ದನ್ನು ನೀರಿನಲ್ಲಿ ನೆನೆಸಿ, ಸೀಳಿ, ಗಂಟು ಸವರಿ, ದೆಬ್ಬೆ ತೆಗೆದು, ಹೊರ ಸಿಪ್ಪೆಯ ಗಟ್ಟಿ ಭಾಗವನ್ನು ಒಂದು ಕೆಲಸಕ್ಕೆ, ಒಳತಿರುಳನ್ನು ಮತ್ತೊಂದಕ್ಕೆ ಬೇರ್ಪಡಿಸಬೇಕು. ಧಾನ್ಯ ತುಂಬುವ ಬುಟ್ಟಿಯ ಹೆಣಿಗೆ ಬೇರೆ, ಮೊರದ ಹೆಣಿಗೆ ಬೇರೆ, ಮೀನು ಹಿಡಿಯುವ ಕೂಳಿಯ ಹೆಣಿಗೆ ಬೇರೆ. ಈ ಜ್ಞಾನ ಪುಸ್ತಕದಲ್ಲಿಲ್ಲ. ತಾಯಿತಂದೆಯರ ಪಕ್ಕದಲ್ಲಿ ಕುಳಿತು ಕಲಿಯತಕ್ಕದ್ದು.

ವಳ್ಳಿಯೂರುಕಾವಿನ ಕಟ್ಟು

ಹೀಗೆ ಕಲೆ ಇದ್ದರೂ ಕೈ ಸ್ವತಂತ್ರವಾಗಿರದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಾನಂತವಾಡಿಯ ಬಳಿಯ ವಳ್ಳಿಯೂರುಕಾವಿನ ಜಾತ್ರೆ ಸಾಕ್ಷಿ. ಮೀನ ಮಾಸದಲ್ಲಿ ಹದಿನಾಲ್ಕು ದಿನ ನಡೆಯುವ ಈ ಜಾತ್ರೆಯಲ್ಲಿ ಒಂದು ಕಾಲಕ್ಕೆ ಪಣಿಯರನ್ನೂ ಅಡಿಯರನ್ನೂ ಮುಂದಿನ ಜಾತ್ರೆಯವರೆಗೆ ದುಡಿಮೆಗೆ ಗೊತ್ತುಮಾಡುವ ಪದ್ಧತಿಯಿತ್ತು. ಭೂಮಾಲಿಕನು ‘ನಿಲ್ಪು ಪಣ’ವೆಂಬ ಸಣ್ಣ ಮೊತ್ತವನ್ನು ಕೊಡುವನು, ದೇವಿಯ ಸನ್ನಿಧಿಯಲ್ಲಿ ಅದನ್ನು ಪಡೆದವನು ವರ್ಷವಿಡೀ ಅವನ ಗದ್ದೆಯಲ್ಲಿ ನಿಲ್ಲತಕ್ಕದ್ದು. ಕೂಲಿಯಾಗಿ ‘ವಳ್ಳಿ’ ಎಂಬ ಭತ್ತ. ಜೀತಪದ್ಧತಿಯನ್ನು ನಿಷೇಧಿಸುವ ಕೇಂದ್ರದ ಕಾಯಿದೆ ಬಂದದ್ದು 1976ರಲ್ಲಿ.

ಈ ಜನರಲ್ಲಿ ಕಲೆಗೆ ಬಡತನವಿರಲಿಲ್ಲ. ನಾಟಿಯ ಕಾಲದಲ್ಲಿ ತುಡಿ ಬಡಿದು, ಕುಳಲೂದಿ, ತಾಳಕ್ಕೆ ಸರಿಯಾಗಿ ಸಸಿ ನೆಡುವ ‘ಕಂಬಳನಾಟಿ’ ಎಂಬ ಸಂಪ್ರದಾಯ ಪಣಿಯರಲ್ಲಿದೆ. ಕಂಬಳವೆಂದರೆ ಕೋಣಗಳ ಓಟವೆಂದು ತಿಳಿದಿರುವ ನಮ್ಮ ಕರಾವಳಿಯ ವಾಚಕರು ಇದನ್ನು ಗಮನಿಸಬೇಕು; ಎರಡೂ ಗದ್ದೆಯ ಕೆಲಸಕ್ಕೆ ಅಂಟಿದ ಉತ್ಸವಗಳೇ. ತುಡಿಯ ಪೆಟ್ಟಿನಿಂದ ನಾಟಿ ಚುರುಕಾಗುತ್ತಿತ್ತು, ದಣಿವು ಮರೆಯುತ್ತಿತ್ತು. ಆ ಚುರುಕಿನ ಲಾಭ ಗದ್ದೆಯ ಒಡೆಯನಿಗೆ ಸಲ್ಲುತ್ತಿತ್ತು. ಕಲೆ ಆರ್ಥಿಕತೆಗೆ ನೆರವಾಯಿತು ನಿಜ; ಕಲಾವಿದನಿಗೆ ನೆರವಾಗಲಿಲ್ಲ. ಕಲೆಯಿಂದ ನಾಡಿಗೆ ಲಾಭವೆಂದು ಹೇಳುವಾಗ ನಾಡೆಂದರೆ ಯಾರು ಎಂಬ ಪ್ರಶ್ನೆಯನ್ನು ಬಿಡುವಂತಿಲ್ಲ.

ಟನ್ನಿಗೆ ಒಂದು ರೂಪಾಯಿ

ಎರಡನೆಯ ಪಾಠ ಬಿದಿರಿನದು. ಕೋಳಿಕೋಡಿನ ಬಳಿ ಮಾವೂರಿನಲ್ಲಿ ಗ್ವಾಲಿಯರ್ ರೇಯಾನ್ಸ್ ಕಂಪನಿಯ ಕಾರ್ಖಾನೆಯನ್ನು ಸ್ಥಾಪಿಸಲು 1958ರಲ್ಲಿ ಕೇರಳ ಸರಕಾರದೊಡನೆ ಒಪ್ಪಂದವಾಯಿತು; 1963ರಲ್ಲಿ ಉತ್ಪಾದನೆ ಆರಂಭವಾಯಿತು. ಮಲಬಾರಿನ ಕಾಡುಗಳ ಬಿದಿರನ್ನು ಅರೆದು ಕೃತಕ ನೂಲಿನ ತಿರುಳು ಮಾಡುವುದು ಅಲ್ಲಿಯ ಕೆಲಸ. ಆ ಬಿದಿರಿಗೆ ಕಟ್ಟಿದ ಬೆಲೆ ಟನ್ನಿಗೆ ಒಂದು ರೂಪಾಯಿ.

ಈ ಬೆಲೆಯನ್ನು ಸ್ವಲ್ಪ ಬಿಡಿಸಿ ನೋಡೋಣ. ಸಾವಿರ ಕಿಲೋಗ್ರಾಮಿಗೆ ನೂರು ಪೈಸೆಯಾದರೆ ಒಂದು ಕಿಲೋಗ್ರಾಮಿಗೆ ಪೈಸೆಯ ಹತ್ತನೆಯ ಒಂದು ಪಾಲು. ಒಂದು ಸಾಧಾರಣ ಬುಟ್ಟಿಗೆ ಒಂದು ಕಿಲೋಗ್ರಾಂ ಬಿದಿರು ಬೇಕೆಂದು ಇಟ್ಟುಕೊಂಡರೆ, ಹತ್ತು ಬುಟ್ಟಿಗಳ ಬಿದಿರು ಕಾರ್ಖಾನೆಗೆ ಒಂದು ಪೈಸೆಗೆ ಸಿಕ್ಕಿತೆಂದಾಯಿತು. ಕಾಡಿನ ಮಗ್ಗುಲಲ್ಲೇ ಹುಟ್ಟಿ ಬುಟ್ಟಿ ಹೆಣೆದು ಬಾಳುವವನಿಗೆ ಈ ಬೆಲೆಯಲ್ಲಿ ಬಿದಿರನ್ನು ಯಾರೂ ಕೊಡಲಿಲ್ಲ. ಮಾವೂರಿನಲ್ಲಿ ಸಾವಿರಾರು ಮಂದಿಗೆ ಕೆಲಸ ಸಿಕ್ಕಿತೆಂಬುದನ್ನು ಮರೆಯಬಾರದು. ಆದರೆ ಆ ಕೆಲಸ ಘಟ್ಟದ ಕೆಳಗೆ. ಬರಿದಾದ ಮೆಳೆ ಘಟ್ಟದ ಮೇಲೆ. ಬಿದಿರು ಸಾಲದೆ ಬಂದಾಗ ಕಾಡು ಕಡಿದು ನೀಲಗಿರಿ ಮರಗಳನ್ನು ಬೆಳೆಸಿದರು. 2001ರಲ್ಲಿ ಕಾರ್ಖಾನೆ ಶಾಶ್ವತವಾಗಿ ಮುಚ್ಚಿತು. ಮಾವೂರಿನ ಕೆಲಸವೂ ಹೋಯಿತು, ಕಾಡಿನ ಬಿದಿರೂ ಹೋಗಿತ್ತು.

ಇದು ಮಲಬಾರಿಗೆ ಮಾತ್ರ ಒದಗಿದ ಗತಿಯಲ್ಲ. ನಮ್ಮ ಉತ್ತರ ಕನ್ನಡದ ದಾಂಡೇಲಿಯಲ್ಲಿ ಅದೇ ಕಾಲಕ್ಕೆ ಆರಂಭವಾದ ಕಾಗದದ ಕಾರ್ಖಾನೆಗೆ ಟನ್ನಿಗೆ ಒಂದೂವರೆ ರೂಪಾಯಿಯಂತೆ ಬಿದಿರು ದೊರೆಯುತ್ತಿತ್ತು. ಪೇಟೆಯಲ್ಲಿ ಬಿದಿರು ಕೊಳ್ಳುವ ಮೇದರಿಗೆ ಅದರ ಎಷ್ಟೋ ನೂರು ಪಟ್ಟು ಬೆಲೆ ಬೀಳುತ್ತಿತ್ತೆಂಬುದನ್ನು ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು 1970ರ ದಶಕದಿಂದ ಮೊದಲಾಗಿ ಎತ್ತಿ ತೋರಿಸಿದರು. ಬುಟ್ಟಿ ಹೆಣೆಯುವವರಿಂದ ಕಾಡು ಹಾಳಾಗುತ್ತದೆಂಬ ಮಾತು ಆಗ ರೂಢಿಯಲ್ಲಿತ್ತು. ಲೆಕ್ಕ ತೆಗೆದಾಗ ಅದು ನಿಲ್ಲಲಿಲ್ಲ.

ಸೋಜಿಗವೆಂದರೆ, ಇದೇ ಕಾಲದಲ್ಲಿ ದೇಶದ ಕುಶಲಕಲೆಗಳ ಉದ್ಧಾರಕ್ಕೆ ಪ್ರಯತ್ನಗಳೂ ನಡೆದಿದ್ದುವು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಸ್ಥಾಪನೆಯಾಯಿತು. ಅದರ ಅಧ್ಯಕ್ಷರಾಗಿ ದುಡಿದವರು ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು. ಒಂದು ಕಡೆ ಕುಶಲಕರ್ಮಿಗೆ ಮಳಿಗೆ, ಪ್ರದರ್ಶನ, ಪ್ರಶಸ್ತಿಗಳು. ಮತ್ತೊಂದು ಕಡೆ ಅವನ ಕಚ್ಚಾವಸ್ತು ಲಾರಿ ಲಾರಿಯಾಗಿ ಘಟ್ಟ ಇಳಿಯುತ್ತಿತ್ತು. ಎರಡು ಇಲಾಖೆಗಳ ಲೆಕ್ಕ ಒಂದೇ ಪುಟದಲ್ಲಿ ಸೇರಲಿಲ್ಲ.

ತರುವಾಯ ಕಾನೂನು ನಿಧಾನವಾಗಿ ಬದಲಾಯಿತು. 2006ರ ಅರಣ್ಯ ಹಕ್ಕುಗಳ ಕಾಯಿದೆ ಬಿದಿರನ್ನು ಕಿರು ಅರಣ್ಯೋತ್ಪನ್ನಗಳಲ್ಲಿ ಸೇರಿಸಿತು. 2017ರ ತಿದ್ದುಪಡಿಯಿಂದ ಕಾಡಿನ ಹೊರಗೆ ಬೆಳೆದ ಬಿದಿರು ‘ಮರ’ವೆಂಬ ಕಾನೂನಿನ ವ್ಯಾಖ್ಯೆಯಿಂದ ಹೊರಬಂತು. ಹುಲ್ಲಿನ ಜಾತಿಗೆ ಸೇರಿದ ಬಿದಿರನ್ನು ಮರವೆಂದು ಎಣಿಸುತ್ತಿದ್ದ ಕಾನೂನು 1927ರದು; ಅದನ್ನು ತಿದ್ದಲು ತೊಂಬತ್ತು ವರ್ಷ ಬೇಕಾಯಿತು.

ತೃಕ್ಕೈಪೆಟ್ಟದ ಪ್ರಯೋಗ

ಕಲ್ಪೆಟ್ಟದಿಂದ ಅನತಿದೂರದಲ್ಲಿ, ಮೇಪ್ಪಾಡಿಯ ಕಡೆ, ತೃಕ್ಕೈಪೆಟ್ಟ ಎಂಬ ಗ್ರಾಮವಿದೆ. ಇಲ್ಲಿ 1996ರಲ್ಲಿ ‘ಉರವು’ ಎಂಬ ಸಂಸ್ಥೆ ಸ್ಥಾಪನೆಯಾಗಿ ಬಿದಿರಿನ ಕೆಲಸವನ್ನು ಕೈಗೆತ್ತಿಕೊಂಡಿತು. ಉರವು ಎಂದರೆ ಮಲೆಯಾಳದಲ್ಲಿ ಒರತೆ. ಹಳೆಯ ಬುಟ್ಟಿ ಮೊರಗಳ ಜೊತೆಗೆ ದೀಪದ ಕವಚ, ಲೇಖನಿ, ಪರದೆ, ಆಭರಣ, ಮಳೆಯ ಸದ್ದು ಮಾಡುವ ಕೊಳವೆ ಮುಂತಾದ ಹೊಸ ವಸ್ತುಗಳನ್ನು ಅಲ್ಲಿ ಮಾಡಿಸುತ್ತಾರೆ. ಬಿದಿರಿಗೆ ಕುಟ್ಟೆ ಹಿಡಿಯದಂತೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣದಲ್ಲಿ ಅದ್ದುವುದನ್ನು ಕಲಿಸಿದ್ದಾರೆ. ಬಿದಿರಿನ ಸಸಿಗಳನ್ನು ಬೆಳೆಸಿ ಹಂಚಿದ್ದಾರೆ. ಕೆಲಸ ಕಲಿತವರಲ್ಲಿ ಹೆಂಗಸರೇ ಹೆಚ್ಚು. ಮನೆಯ ಪಕ್ಕದ ಚಿಕ್ಕ ಘಟಕಗಳಲ್ಲಿಯೇ ದುಡಿಮೆ. ತೃಕ್ಕೈಪೆಟ್ಟಕ್ಕೆ ‘ಬಿದಿರಿನ ಗ್ರಾಮ’ವೆಂಬ ಹೆಸರು ಬಂದಿದೆ, ಕೆಲಸ ನೋಡಬಂದವರು ಹಳ್ಳಿಯ ಮನೆಗಳಲ್ಲಿಯೇ ತಂಗುವ ಏರ್ಪಾಡೂ ಆಗಿದೆ.

ನಾವು ಮೊದಲು ಹೇಳಿದ ಮೂರು ನಿಬಂಧನೆಗಳನ್ನು ಇಲ್ಲಿ ಹೊಂದಿಸಿ ನೋಡಬಹುದು. ಸಸಿ ನೆಟ್ಟುದರಿಂದ ಕಚ್ಚಾವಸ್ತು ಊರಿನದಾಯಿತು. ಮಾರಾಟಕ್ಕೆ ಸಂಸ್ಥೆಯಿರುವುದರಿಂದ ಒಂಟಿ ಹೆಂಗಸು ದಲ್ಲಾಳಿಯೊಡನೆ ಚೌಕಾಶಿ ಮಾಡುವ ಪಾಡು ತಪ್ಪಿತು. ತರಬೇತಿಯಿಂದ ಕಸುಬು ಹೊಸಬರಿಗೆ ದಾಟಿತು. ಹಣದ ಚಲನೆಯನ್ನೂ ಗಮನಿಸಬೇಕು. ಟನ್ನುಗಟ್ಟಲೆ ಬಿದಿರು ಕಚ್ಚಾ ರೂಪದಲ್ಲಿ ಘಟ್ಟ ಇಳಿದರೆ ಊರಿಗೆ ದಕ್ಕುವುದು ಕಡಿದವನ ಮತ್ತು ಹೊತ್ತವನ ಕೂಲಿ ಮಾತ್ರ. ಅದೇ ಬಿದಿರು ಬುಟ್ಟಿಯಾಗಿ ಹೋದರೆ ಬೆಲೆಯ ಬಹುಭಾಗ ಹೆಣೆದವಳ ಕೈಗೆ ಬಂದು, ಅವಳಿಂದ ದಿನಸಿ ಅಂಗಡಿಗೆ, ಅಲ್ಲಿಂದ ಭತ್ತ ಬೆಳೆದವನಿಗೆ, ಅವನಿಂದ ಮತ್ತೆ ಮೊರ ಮಾಡುವವರಿಗೆ, ಹೀಗೆ ಊರೊಳಗೆಯೇ ಸುತ್ತುತ್ತದೆ. ಸಣ್ಣ ಕಸುಬುಗಳು ಪ್ರದೇಶವನ್ನು ಸಾಕುವ ಗುಟ್ಟು ಈ ಸುತ್ತಾಟದಲ್ಲಿದೆ.

ಇದಕ್ಕೆ ದೂರದ ಜಪಾನಿನಲ್ಲಿ ಒಂದು ಹೋಲಿಕೆ ದೊರೆಯುತ್ತದೆ. ಓಯಿತ ಪ್ರಾಂತದ ಬೆಪ್ಪು ಎಂಬುದು ಬಿಸಿನೀರಿನ ಬುಗ್ಗೆಗಳ ಊರು. ಸ್ನಾನಕ್ಕೆ ಬಂದವರು ಅಡಿಗೆಮನೆಯ ಬಿದಿರಿನ ಬುಟ್ಟಿಗಳನ್ನು ಕೊಂಡೊಯ್ಯುತ್ತಿದ್ದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿಯೇ ಅಲ್ಲಿ ಬಿದಿರಿನ ಕೆಲಸ ಕಲಿಸುವ ಶಾಲೆ ಹುಟ್ಟಿತು. 1967ರಲ್ಲಿ ಅಲ್ಲಿಯ ಶೋನೋ ಶೋಉನ್‌ಸಾಯ್ ಎಂಬ ಬಿದಿರಿನ ಕಲಾವಿದನಿಗೆ ದೇಶದ ‘ಜೀವಂತ ನಿಧಿ’ಯೆಂಬ ಗೌರವ ಸಂದಿತು, 1979ರಲ್ಲಿ ಬೆಪ್ಪುವಿನ ಬಿದಿರಿನ ಕೆಲಸವನ್ನು ಸರಕಾರ ಸಾಂಪ್ರದಾಯಿಕ ಕಸುಬೆಂದು ಅಂಗೀಕರಿಸಿತು. ಅಲ್ಲಿ ಪ್ರವಾಸಿ ಮೊದಲು, ಶಾಲೆ ಎರಡನೆಯದು, ಗೌರವ ಮೂರನೆಯದು. ಬರಿಯ ಪ್ರವಾಸಿಯನ್ನು ನೆಚ್ಚಿ ಶಾಲೆಯನ್ನು ಬಿಟ್ಟಿದ್ದರೆ ಗೌರವ ಬರುತ್ತಿರಲಿಲ್ಲ.

ಆಟ ಮತ್ತು ಅಕ್ಷರ

ಕೈಕಸುಬಿನಂತೆಯೇ ಆಟಪಾಟಗಳೂ ವಿಚಾರಣೀಯ. ಅಡಿಯರ ‘ಗದ್ದಿಕ’ವು ರೋಗ ಮತ್ತು ಕೇಡುಗಳನ್ನು ಕಳೆಯುವ ಆಚರಣೆ. ಅದನ್ನು ಹೊರಲೋಕಕ್ಕೆ ಪರಿಚಯಿಸಿದವರು ಗದ್ದಿಕ ಕಲಾವಿದರೂ ತಿರುನೆಲ್ಲಿ ಪಂಚಾಯತಿನ ಅಧ್ಯಕ್ಷರೂ ಆಗಿದ್ದ ಪಿ. ಕೆ. ಕಾಳನ್. ಪರಿಶಿಷ್ಟರ ಕೈಕೆಲಸದ ವಸ್ತುಗಳನ್ನು ಮಾರಲು ಕೇರಳ ಸರಕಾರ ನಡೆಸುವ ಮೇಳಕ್ಕೆ ‘ಗದ್ದಿಕ’ವೆಂದೇ ಹೆಸರು. ಆಚರಣೆಯ ಹೆಸರು ಮಾರುಕಟ್ಟೆಯ ಹೆಸರಾದುದನ್ನು ಕೆಲವರು ಒಪ್ಪಲಾರರು. ಆದರೆ ಅಡಿಯರ ಒಂದು ಪದ ಕೇರಳದಾದ್ಯಂತ ತಿಳಿಯಿತೆಂಬುದು ಸುಳ್ಳಲ್ಲ.

ಕಲೆ ಯಾವಾಗಲೂ ಗಳಿಕೆಗಾಗಿಯೇ ಇರುವುದಿಲ್ಲ. ಕೆ. ಜೆ. ಬೇಬಿಯವರ ‘ನಾಡುಗದ್ದಿಕ’ ನಾಟಕವು ಗದ್ದಿಕದ ರೂಪದಲ್ಲಿಯೇ ಬುಡಕಟ್ಟಿನವರ ಶೋಷಣೆಯನ್ನು ಆಡಿತೋರಿಸಿತು; 1981ರಲ್ಲಿ ಅದನ್ನು ಆಡಿದವರು ಸೆರೆಮನೆ ಕಂಡರು. ಬೇಬಿಯವರು 1994ರಲ್ಲಿ ನಡವಯಲಿನಲ್ಲಿ ‘ಕನವು’ ಎಂಬ ಶಾಲೆಯನ್ನು ತೆರೆದು ಬುಡಕಟ್ಟಿನ ಮಕ್ಕಳಿಗೆ ಅವರ ಹಾಡು ಕುಣಿತಗಳೊಡನೆಯೇ ವಿದ್ಯೆ ಕಲಿಸಿದರು. ಇದರ ಲಾಭವನ್ನು ರೂಪಾಯಿಯಲ್ಲಿ ಅಳೆಯಲಾಗದು. ಆದರೆ ತನ್ನ ಕೂಲಿಯನ್ನು ಕೇಳುವ ಧೈರ್ಯವೂ ಆರ್ಥಿಕ ಬಲವೇ.

ಕಲ್ಪೆಟ್ಟದ ಕನ್ನಡ ಮೂಲದ ಜೈನ ಗೌಡರ ಮನೆತನಗಳ ಕಾಣಿಕೆಯನ್ನೂ ನೆನೆಯಬೇಕು. ಎಂ. ಕೆ. ಪದ್ಮಪ್ರಭ ಗೌಡರ ಹೆಸರಿನ ಸಾಹಿತ್ಯ ಪುರಸ್ಕಾರವೊಂದು ಮಲೆಯಾಳದ ಲೇಖಕರಿಗೆ ಸಲ್ಲುತ್ತಿದೆ. ಅವರ ಮಗ ಎಂ. ಪಿ. ವೀರೇಂದ್ರಕುಮಾರ್ ‘ಮಾತೃಭೂಮಿ’ ಪತ್ರಿಕೆಯನ್ನು ನಡೆಸಿದರು. ಅವರ ಪ್ರವಾಸಗ್ರಂಥ ‘ಹೈಮವತಭೂವಿಲ್’ ಕೇಂದ್ರ ಸಾಹಿತ್ಯ ಅಕಾಡೆಮಿಯ ಬಹುಮಾನ ಪಡೆಯಿತು. ತೋಟದ ಗಳಿಕೆ ಅಕ್ಷರದ ಉದ್ಯಮಕ್ಕೆ ತಿರುಗಿದ ಉದಾಹರಣೆಯಿದು.

ನೋಡಬರುವವರ ಪೇಟೆ

ಇಂದು ವಯನಾಡಿನ ಕುಶಲವಸ್ತುಗಳನ್ನು ಕೊಳ್ಳುವವರಲ್ಲಿ ಪ್ರವಾಸಿಗಳದ್ದು ದೊಡ್ಡ ಪಾಲು. 2008ರಲ್ಲಿ ಆರಂಭವಾದ ಕೇರಳದ ‘ಹೊಣೆಗಾರಿಕೆಯ ಪ್ರವಾಸೋದ್ಯಮ’ದ ಮೊದಲ ಕ್ಷೇತ್ರಗಳಲ್ಲಿ ವಯನಾಡೂ ಒಂದಾಗಿತ್ತು. 2022ರ ಜೂನಿನಲ್ಲಿ ವೈತಿರಿಯ ಬಳಿ ಪೂಕೋಡಿನಲ್ಲಿ ‘ಎನ್ ಊರು’ ಎಂಬ ಬುಡಕಟ್ಟು ಪರಂಪರೆಯ ಗ್ರಾಮ ತೆರೆಯಿತು; ಹುಲ್ಲಿನ ಮನೆಗಳು, ಕರಕುಶಲ ಮಳಿಗೆ, ಬುಡಕಟ್ಟಿನ ಅಡಿಗೆ ಅಲ್ಲಿವೆ. ಇವು ಸ್ವಾಗತಾರ್ಹ.

ಆದರೆ ಈ ಪೇಟೆ ಹವೆಯಷ್ಟೇ ಅಸ್ಥಿರ. 2024ರ ಜುಲೈ 30ರಂದು ಮುಂಡಕ್ಕೈ ಮತ್ತು ಚೂರಲ್‌ಮಲೆಯಲ್ಲಿ ಮಲೆ ಕುಸಿದು ಊರೂರೇ ಕೊಚ್ಚಿಹೋದುವು. ಕಲ್ಪೆಟ್ಟದ ಎಲ್‌ಸ್ಟನ್ ತೋಟದಲ್ಲಿ ಸಂತ್ರಸ್ತರಿಗಾಗಿ ಹೊಸ ವಸತಿ ಕಟ್ಟಲು 2025ರ ಮಾರ್ಚಿಯಲ್ಲಿ ಅಡಿಗಲ್ಲು ಬಿತ್ತು. ಆ ದುರಂತದ ತರುವಾಯ, ದೂರದ ಊರುಗಳಿಗೆ ಏನೂ ಆಗದಿದ್ದರೂ, ಇಡೀ ಜಿಲ್ಲೆಗೆ ಬರುವ ಪ್ರವಾಸಿಗಳು ತಿಂಗಳುಗಟ್ಟಲೆ ಕಡಿಮೆಯಾದರು. ನೋಡಬರುವವರಿಗಾಗಿ ಮಾತ್ರ ಮಾಡಿದ ವಸ್ತು ಅಂಥ ಕಾಲದಲ್ಲಿ ಧೂಳು ತಿನ್ನುತ್ತದೆ. ನೆರೆಮನೆಯ ರೈತನಿಗೆ ಬೇಕಾದ ಬುಟ್ಟಿ ಹಾಗಲ್ಲ. ಸುಗ್ಗಿ ಬಂದರೆ ಅದು ಬೇಕೇ ಬೇಕು. ಆದುದರಿಂದ ದೀಪದ ಕವಚ ಮಾಡುವವರು ಮೊರ ಮಾಡುವುದನ್ನು ಮರೆಯದಿರುವುದು ಲೇಸು.

ಹೆಸರಿನ ಕಾವಲೂ ಇಂದು ಬಂದಿದೆ. ಚನ್ನಪಟ್ಟಣದ ಆಟಿಕೆ, ಬಿದರಿಯ ಕೆಲಸ, ಕಾಸರಗೋಡಿನ ಸೀರೆ ಇವುಗಳಿಗೆ ಭೌಗೋಳಿಕ ಗುರುತು ದೊರೆತಿರುವುದು ವಾಚಕರಿಗೆ ವಿದಿತ. 2025ರಲ್ಲಿ ಕೇರಳದ ಬುಡಕಟ್ಟಿನವರು ವಾಟೆಬಿದಿರಿನಿಂದ ಹೆಣೆಯುವ ‘ಕಣ್ಣಾಡಿಪ್ಪಾಯ’ ಎಂಬ ನಯವಾದ ಚಾಪೆಗೆ ಈ ಗುರುತು ಸಂದಿತು. ಗುರುತು ಹೆಸರನ್ನು ಕಾಯುತ್ತದೆ. ಬಿದಿರನ್ನೂ ಕೈಯನ್ನೂ ಕಾಯುವುದು ಬೇರೆಯ ಕೆಲಸ.

ಉಪಾಧ್ಯಾಯರ ಪಾಲು

ಕೊನೆಯದಾಗಿ ನಮ್ಮ ವೃತ್ತಿಬಾಂಧವರಿಗೆ ಎರಡು ಮಾತು. ಮೂಲಶಿಕ್ಷಣದ ಯೋಜನೆಯನ್ನು ಗಾಂಧೀಜಿ 1937ರಲ್ಲಿ ವಾರ್ಧಾದಲ್ಲಿ ಮುಂದಿಟ್ಟಾಗ ಕಸುಬೇ ಕಲಿಕೆಯ ನಡುಗಂಬವಾಗಬೇಕೆಂದರು. ಆ ಯೋಜನೆ ನಮ್ಮ ಶಾಲೆಗಳಲ್ಲಿ ನೂಲುವ ತಕಲಿಯೊಡನೆ ಬಂದು ತಕಲಿಯೊಡನೆಯೇ ಹೋಯಿತು. ಬುಟ್ಟಿ ಹೆಣೆಯುವವರ ಮಗು ಶಾಲೆಗೆ ಬಂದಾಗ ಅದರ ಮನೆಯ ವಿದ್ಯೆಗೆ ಅಲ್ಲಿ ಸ್ಥಾನವಿಲ್ಲ. ಶಾಲೆ ಬಿಟ್ಟು ಹೋದಾಗ ಕೈಯಲ್ಲಿ ಎರಡು ವಿದ್ಯೆಗಳೂ ಇಲ್ಲ. ಮೂರನೆಯ ನಿಬಂಧನೆ ಮುರಿಯುವುದು ಇಲ್ಲಿಯೇ, ನಮ್ಮ ಕಣ್ಣೆದುರಿನಲ್ಲಿಯೇ.

ನಾವು ಮಾಡಬಹುದಾದ ಕೆಲಸ ದೊಡ್ಡದಲ್ಲ, ಆದರೆ ಖಂಡಿತವಾದದ್ದು. ಗಡಿಯ ಒಂದೊಂದು ಶಾಲೆಯೂ ತನ್ನ 

ಸುತ್ತಿನ ಹೆಣಿಗೆಗಳ ಹೆಸರು, ಬಿದಿರಿನ ಭಾಗಗಳ ಹೆಸರು, ಉಪಕರಣಗಳ ಹೆಸರುಗಳನ್ನು ಬರೆದಿಡಲಿ. ಬೆಟ್ಟ ಕುರುಬರು ಹೆಗ್ಗಡದೇವನಕೋಟೆಯಲ್ಲಿ, ಗೂಡಲೂರಿನಲ್ಲಿ, ವಯನಾಡಿನಲ್ಲಿ ಒಂದೇ ವಸ್ತುವನ್ನು ಏನೆನ್ನುತ್ತಾರೆ ಎಂಬ ಪಟ್ಟಿ ಸಿದ್ಧವಾದರೆ ಅದು ಕನ್ನಡದ ನಿಘಂಟಿಗೂ ಬಯಲ್ನಾಡಿನ ಇತಿಹಾಸಕ್ಕೂ ಸಮಾನವಾಗಿ ಉಪಕಾರಿ. ಹೆಣೆಯಬಲ್ಲ ಹಿರಿಯರನ್ನು ವರ್ಷಕ್ಕೆ ಕೆಲವು ದಿನ ಶಾಲೆಗೆ ಕರೆಸಿ ಗುರುವಿನ ಪೀಠದಲ್ಲಿ ಕೂರಿಸಲಿ. ಅವರಿಗೆ ಗೌರವಧನವನ್ನೂ ಕೊಡಲಿ. ಶಾಲೆಯ ಕಸದ ಬುಟ್ಟಿ, ಚಾಪೆ, ಮಧ್ಯಾಹ್ನದ ಊಟದ ಮನೆಯ ಮೊರಗಳನ್ನು ಊರ ಕಸುಬಿನವರಿಂದಲೇ ಕೊಳ್ಳಲಿ. ಪ್ಲಾಸ್ಟಿಕ್ ಬುಟ್ಟಿಗೆ ಕೊಟ್ಟ ದುಡ್ಡು ಊರಿಗೆ ಮರಳುವುದಿಲ್ಲ. ಬಿದಿರಿನ ಬುಟ್ಟಿಗೆ ಕೊಟ್ಟದ್ದು, ಅದನ್ನು ಹೆಣೆದವರ ಮಗುವಿನ ಪಾಟಿಚೀಲವಾಗಿ ನಮ್ಮ ತರಗತಿಗೇ ಮರಳಬಹುದು.